ತುಳಸಿಗೆ ಹಬ್ಬಿದ ಹಳದಿ ಎಳೆ: ಮನೆಯ ಔಷಧಿವನದ ಪರಾವಲಂಬಿ ಸಸ್ಯಗಳನ್ನು ನಿಭಾಯಿಸುವ ಬಗೆ

ಏಳನೆಯ ತರಗತಿಯ 'ಸಸ್ಯಗಳಲ್ಲಿ ಪೋಷಣೆ' ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಆ ಪಾಠದಲ್ಲಿ ಕಸ್ಕ್ಯೂಟಾಕ್ಕೆ ಸಿಗುವ ಜಾಗ ಕಡಿಮೆ. ಕಾಂಡಕ್ಕೆ ಸುತ್ತಿಕೊಂಡ ಹಳದಿ ಎಳೆಗಳ ಚಿತ್ರ, ಅದರಲ್ಲಿ ಪತ್ರಹರಿತ್ತು ಇಲ್ಲ ಎಂಬ ಮಾತು, 'ಆತಿಥೇಯ' ಮತ್ತು 'ಪರಾವಲಂಬಿ' ಎಂಬ ಎರಡು ಪದ. ನಾವು ಚಾರ್ಟ್ ತೋರಿಸಿ, ವ್ಯಾಖ್ಯೆ ಹೇಳಿಸಿ, ಹೂಜಿ ಗಿಡಕ್ಕೆ ಹಾರುತ್ತೇವೆ. ಕೀಟ ತಿನ್ನುವ ಗಿಡ ಎಂದರೆ ಮಕ್ಕಳ ಕಣ್ಣರಳುತ್ತದೆ, ಅವಧಿಯೂ ಚೆನ್ನಾಗಿ ಮುಗಿಯುತ್ತದೆ. ಆದರೆ ನಮ್ಮ ಮಕ್ಕಳ ಮನೆಯಂಗಳದಲ್ಲಿ ಹೂಜಿ ಗಿಡ ಇರುವುದಿಲ್ಲ. ಹಳದಿ ಎಳೆ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ನನ್ನ ಪಾಠದ ದಿನ ಒಬ್ಬ ವಿದ್ಯಾರ್ಥಿನಿ ಚಾರ್ಟನ್ನೇ ನೋಡುತ್ತಾ, "ಮಿಸ್, ಇದು ನಮ್ಮನೆ ತುಳಸಿಗೂ ಬಂದಿದೆ. ಅಜ್ಜಿ ದಿನಾ ಕಿತ್ತು ಹಾಕ್ತಾರೆ, ಮತ್ತೆ ಬರುತ್ತೆ. ಏನು ಮಾಡ್ಬೇಕು?" ಎಂದು ಕೇಳಿದಳು. ಇಂಥ ಪ್ರಶ್ನೆಯನ್ನು ವೀಕ್ಷಣಾ ನಮೂನೆಯಲ್ಲಿ 'ವಿಷಯಾಂತರ' ಎಂದು ಬರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಎಳೆ ಆಹಾರವನ್ನು ಎಲ್ಲಿಂದ ಪಡೆಯುತ್ತದೆ ಎಂಬ ಪಾಠದ ಕಲಿಕಾಂಶವನ್ನು ಅರ್ಥಮಾಡಿಕೊಂಡವರು ಮಾತ್ರ ಈ ಪ್ರಶ್ನೆಗೆ ಉತ್ತರ ಹೇಳಬಲ್ಲರು. ಉತ್ತರಕ್ಕೆ ಔಷಧದ ಅಂಗಡಿ ಬೇಡ, ಕೃಷಿ ತಜ್ಞರೂ ಬೇಡ; ಪಾಠದ ಜೀವವಿಜ್ಞಾನವನ್ನು ಇನ್ನೆರಡು ಹೆಜ್ಜೆ ಮುಂದಕ್ಕೆ ಒಯ್ದರೆ ಸಾಕು.

ಎಳೆಯ ಬಾಯಿ ಎಲ್ಲಿದೆ?

ಪುಸ್ತಕದಲ್ಲಿ ಇದರ ಹೆಸರು ಅಮರಬೇಲ್ ಎಂದೂ ಬರುತ್ತದೆ. ಅಮರಬಳ್ಳಿ, ಆಕಾಶಬಳ್ಳಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಎರಡೂ ಹೆಸರಿನಲ್ಲಿ ಹಿರಿಯರ ಸೂಕ್ಷ್ಮ ವೀಕ್ಷಣೆಯಿದೆ: ಇದು ಸಾಯುವುದಿಲ್ಲ, ನೆಲದಲ್ಲಿ ಬೇರಿಲ್ಲ. ವಂಶದ ದೃಷ್ಟಿಯಿಂದ ಇದು ಗೆಣಸು ಮತ್ತು ವಿಷ್ಣುಕ್ರಾಂತಿಗಳ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಸುಮಾರು 200 ಕಸ್ಕ್ಯೂಟಾ ಪ್ರಭೇದಗಳಿವೆ. ನಮ್ಮ ಬೇಲಿಗಳಲ್ಲಿ, ಅದರಲ್ಲೂ ಡ್ಯುರಾಂಟ ಮತ್ತು ಲಂಟಾನ ಪೊದೆಗಳ ಮೇಲೆ, ಬಲೆ ಎಸೆದಂತೆ ಹರಡುವ ದಪ್ಪ ಎಳೆಯದು ಕಸ್ಕ್ಯೂಟಾ ರಿಫ್ಲೆಕ್ಸಾ. ಸಣ್ಣ ಗಿಡಗಳ ಮೇಲೆ ಕಿತ್ತಳೆ ಮಿಶ್ರಿತ ಹಳದಿ ದಾರದಂತೆ ಕಾಣುವ ತೆಳು ಎಳೆಯದು ಸಾಮಾನ್ಯವಾಗಿ ಕಸ್ಕ್ಯೂಟಾ ಕ್ಯಾಂಪೆಸ್ಟ್ರಿಸ್. ಮೊದಲನೆಯದು ಬೇಲಿಯಿಂದ ಚಾಚಿಕೊಂಡು ಬರುತ್ತದೆ, ಎರಡನೆಯದು ಹೆಚ್ಚಾಗಿ ಬೀಜದ ಮೂಲಕ ಬರುತ್ತದೆ. ಯಾವುದು ಬಂದಿದೆ ಎಂದು ನೋಡಿಕೊಂಡರೆ ಬಂದ ದಾರಿಯೂ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 'ಪತ್ರಹರಿತ್ತು ಇಲ್ಲ' ಎಂದು ಬೋರ್ಡಿನ ಮೇಲೆ ಬರೆದ ಮೇಲೆ ಯಾವುದಾದರೂ ಮಗು ಹಸಿರು ಛಾಯೆಯ ಎಳೆಯೊಂದನ್ನು ತಂದು ಮೇಜಿನ ಮೇಲಿಡುತ್ತದೆ. ರಿಫ್ಲೆಕ್ಸಾದ ಕಾಂಡದಲ್ಲಿ ಅಲ್ಪ ಪ್ರಮಾಣದ ಪತ್ರಹರಿತ್ತು ಇರುವುದು ನಿಜ. ಅದು ಆ ಸಸ್ಯದ ಹೊಟ್ಟೆ ತುಂಬಿಸುವಷ್ಟಿಲ್ಲ ಎಂದು ಹೇಳಬೇಕೇ ಹೊರತು ಮಗುವಿನ ಕಣ್ಣನ್ನು ತಪ್ಪು ಎನ್ನಬಾರದು.

ಈಗ ಬಾಯಿಯ ವಿಷಯ. ಎಳೆ ತುಳಸಿಯ ಕಾಂಡವನ್ನು ಬಿಗಿಯಾಗಿ ಎರಡು ಮೂರು ಸುತ್ತು ಸುತ್ತಿದ ಜಾಗದಲ್ಲಿ ಒಳಮುಖವಾಗಿ ಸಾಲಾಗಿ ಚಿಕ್ಕ ಉಬ್ಬುಗಳು ಕಾಣುತ್ತವೆ. ಅವೇ ಹೀರುಬೇರುಗಳು, ಅಂದರೆ ಹಾಸ್ಟೋರಿಯಾ. ಹೊರಗಿನಿಂದ ಉಬ್ಬಿನಂತೆ ಕಂಡರೂ ಅವುಗಳ ಮುಖ್ಯ ಭಾಗ ಇರುವುದು ತುಳಸಿಯ ಒಳಗೆ. ಅಲ್ಲಿ ಕೋಶದೆಳೆಗಳಾಗಿ ಹರಡಿ, ನೀರು ಲವಣ ಸಾಗಿಸುವ ಕ್ಸೈಲಮ್ ಮತ್ತು ಸಕ್ಕರೆ ಸಾಗಿಸುವ ಫ್ಲೋಯಮ್ ಎರಡಕ್ಕೂ ಸಂಪರ್ಕ ಕಲ್ಪಿಸಿಕೊಳ್ಳುತ್ತವೆ. ನಮ್ಮ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ನೋಡುವುದು ಕಷ್ಟವಲ್ಲ. ಎಳೆ ಅಂಟಿರುವ ಕಾಂಡದ ತುಂಡೊಂದನ್ನು ತೆಗೆದು, ಎರಡೂ ಸೇರಿದಂತೆ ಹೊಸ ಬ್ಲೇಡಿನಿಂದ ತೆಳುವಾಗಿ ಅಡ್ಡ ಕೊಯ್ದು, ಸಫ್ರಾನಿನ್ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿಟ್ಟರೆ, ಪರಾವಲಂಬಿಯ ಅಂಗಾಂಶ ಬೆಣೆಯಂತೆ ಆತಿಥೇಯದೊಳಗೆ ನುಗ್ಗಿರುವುದು ಕಾಣುತ್ತದೆ. ಚಾರ್ಟಿನ ಹತ್ತು ಚಿತ್ರಗಳು ಹೇಳದ್ದನ್ನು ಈ ಒಂದು ಸ್ಲೈಡ್ ಹೇಳುತ್ತದೆ.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಹೇಳಿದರೆ ಅವರು ಮರೆಯುವುದಿಲ್ಲ. ಕಸ್ಕ್ಯೂಟಾದ ಮೊಳಕೆಗೆ ಹೊರಬಂದ ಕೂಡಲೇ ಊಟ ಬೇಕು. ಬೀಜದಲ್ಲಿದ್ದ ಬುತ್ತಿ ಒಂದೆರಡು ವಾರಕ್ಕಷ್ಟೇ ಸಾಲುತ್ತದೆ. ಅದು ತನ್ನ ತುದಿಯನ್ನು ನಿಧಾನವಾಗಿ ಸುತ್ತುತ್ತಾ ಆಸರೆಗಾಗಿ ಹುಡುಕುತ್ತದೆ. ಆ ಹುಡುಕಾಟ ಕುರುಡಲ್ಲ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜಸ್ಟಿನ್ ರನ್ಯನ್, ಮಾರ್ಕ್ ಮೆಷರ್ ಮತ್ತು ಕಾನ್ಸುಯೆಲೊ ಡಿ ಮೊರೇಸ್ ಅವರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಸ್ಕ್ಯೂಟಾ ಮೊಳಕೆಗಳು ಟೊಮೆಟೊ ಗಿಡ ಗಾಳಿಗೆ ಬಿಡುವ ವಾಸನೆಯ ಕಡೆಗೆ ಬಾಗಿ ಬೆಳೆದವು. ಗಿಡವೇ ಇಲ್ಲದೆ ಆ ವಾಸನೆಯ ಸಾರವನ್ನು ಮಾತ್ರ ಇಟ್ಟಾಗಲೂ ಅತ್ತಲೇ ಬಾಗಿದವು. ಗೋಧಿಯ ವಾಸನೆಯಲ್ಲಿದ್ದ ಒಂದು ರಾಸಾಯನಿಕ ಮಾತ್ರ ಅವುಗಳನ್ನು ದೂರ ಸರಿಸಿತು. ಕಣ್ಣು ಮೂಗು ಇಲ್ಲದ ಸಸ್ಯ ನೆರೆಯವರನ್ನು ವಾಸನೆಯಿಂದ ಗುರುತಿಸುತ್ತದೆ ಎಂಬುದು ಹೂಜಿ ಗಿಡಕ್ಕಿಂತ ಕಡಿಮೆ ರೋಚಕವೇನಲ್ಲ.

ಆಸರೆ ಸಿಕ್ಕಿ ಹೀರುಬೇರು ಇಳಿದ ಮೇಲೆ ನೆಲದ ಕಡೆಯ ಭಾಗ ಒಣಗಿ ಉದುರಿಹೋಗುತ್ತದೆ. ಹಾಗಾಗಿ ಅಜ್ಜಿ ಬುಡದಲ್ಲಿ ಬೇರು ಹುಡುಕಿದರೆ ಸಿಗುವುದಿಲ್ಲ.

ಕಿತ್ತರೂ ಯಾಕೆ ಮತ್ತೆ ಬರುತ್ತದೆ?

ಇಷ್ಟು ತಿಳಿದ ಮೇಲೆ ಉತ್ತರವನ್ನು ಮಕ್ಕಳಿಂದಲೇ ಹೊರಡಿಸಬಹುದು. ಬಾಯಿ ತುಳಸಿಯ ಒಳಗಿದೆ, ನಾವು ಕೀಳುತ್ತಿರುವುದು ಹೊರಗಿನ ಬಾಲವನ್ನು. ಎಳೆಯನ್ನು ಎಳೆದಾಗ ಅದು ಸುತ್ತಿಕೊಂಡ ಜಾಗದಲ್ಲಿ ತುಂಡಾಗಿ, ಹೀರುಬೇರಿರುವ ಚೂರು ಕಾಂಡದಲ್ಲೇ ಉಳಿಯುತ್ತದೆ. ಒಂದು ಸೆಂಟಿಮೀಟರಿನಷ್ಟು ಚೂರು ಉಳಿದರೂ ಅದಕ್ಕೆ ಊಟ ನಿಂತಿಲ್ಲ, ಅದರಿಂದ ಹೊಸ ಎಳೆ ಹೊರಡುತ್ತದೆ. ಹೊರಗಿನದನ್ನು ಪೂರ್ತಿ ಕೆರೆದು ತೆಗೆದರೂ ಒಳಗೆ ಹುದುಗಿದ ಅಂಗಾಂಶದಿಂದ ಚಿಗುರು ಬರುವುದುಂಟು. ಒಮ್ಮೆ ಸರಿಯಾಗಿ ಅಂಟಿದ ಮೇಲೆ ಅನುಕೂಲದ ಹವೆಯಲ್ಲಿ ಇದು ದಿನಕ್ಕೆ ಹಲವು ಸೆಂಟಿಮೀಟರ್ ಬೆಳೆಯುತ್ತದೆ. ಬೆಳಿಗ್ಗೆ ಕಿತ್ತದ್ದು ವಾರದಲ್ಲಿ ಮತ್ತೆ ಗಿಡ ಮುಚ್ಚಿದರೆ ಆಶ್ಚರ್ಯವಿಲ್ಲ.

ಎರಡನೆಯ ಕಾರಣ ಕಿತ್ತದ್ದನ್ನು ಎಲ್ಲಿ ಹಾಕುತ್ತೇವೆ ಎಂಬುದರಲ್ಲಿದೆ. ಕಿತ್ತ ಎಳೆ ಕೂಡಲೇ ಸಾಯುವುದಿಲ್ಲ. ಪಕ್ಕದ ದಾಸವಾಳದ ಬುಡಕ್ಕೋ ಬೇಲಿಯ ಮೇಲಕ್ಕೋ ಎಸೆದರೆ, ಒಣಗುವ ಮೊದಲು ಸಿಕ್ಕ ಕಾಂಡಕ್ಕೆ ಸುತ್ತಿಕೊಂಡು ಅಲ್ಲಿ ಹೊಸ ಹೀರುಬೇರು ಇಳಿಸಬಲ್ಲದು. ಒಂದು ಗಿಡದ ರೋಗವನ್ನು ನಾವೇ ಕೈಯಾರೆ ಮೂರು ಗಿಡಕ್ಕೆ ಹಂಚಿದಂತೆ. ರೋಗ ಎಂಬ ಮಾತನ್ನು ಅಕ್ಷರಶಃ ಕೂಡ ತೆಗೆದುಕೊಳ್ಳಬಹುದು: ಎರಡು ಗಿಡಗಳ ನಡುವೆ ಸೇತುವೆಯಾಗಿ ನಿಂತ ಕಸ್ಕ್ಯೂಟಾದ ಮೂಲಕ ವೈರಸ್ ಮತ್ತು ಫೈಟೋಪ್ಲಾಸ್ಮಾಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಸಸ್ಯರೋಗ ತಜ್ಞರು ಪ್ರಯೋಗಾಲಯದಲ್ಲಿ ಬೇಕೆಂದೇ ಈ ಸೇತುವೆಯನ್ನು ಬಳಸಿಕೊಂಡು ಬಂದಿದ್ದಾರೆ.

ಕತ್ತರಿ ಇಡಬೇಕಾದ ಜಾಗ

ಕತ್ತರಿಸಬೇಕಾದ್ದು ಎಳೆಯನ್ನಲ್ಲ, ಎಳೆ ಅಂಟಿದ ಕೊಂಬೆಯನ್ನು. ಅದೂ ಕೊನೆಯ ಹೀರುಬೇರು ಇರುವ ಜಾಗಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕೆಳಗೆ, ಆರೋಗ್ಯವಾಗಿರುವ ಭಾಗದಲ್ಲಿ. ಎಳೆಯನ್ನು ಬಿಡಿಸಲು ಹೋಗದೆ, ಕೊಂಬೆ ಮತ್ತು ಎಳೆ ಎರಡನ್ನೂ ಒಟ್ಟಿಗೆ ಎತ್ತಿ ನೇರವಾಗಿ ಚೀಲಕ್ಕೆ ಹಾಕಬೇಕು. ಬಿಡಿಸಲು ಹೋದಷ್ಟೂ ಚೂರುಗಳು ಉದುರುತ್ತವೆ. ಕೆಲಸಕ್ಕೆ ಮೊದಲು ಗಿಡದ ಕೆಳಗೆ ಹಳೆಯ ಪಂಚೆಯನ್ನೋ ವೃತ್ತಪತ್ರಿಕೆಯನ್ನೋ ಹಾಸಿಕೊಂಡರೆ ಉದುರಿದ್ದು ಮಣ್ಣಿಗೆ ಸೇರುವುದಿಲ್ಲ.

ಅನಂತರದ ಎರಡು ತಿಂಗಳು ವಾರಕ್ಕೊಮ್ಮೆ ಗಿಡ ನೋಡಬೇಕು. ನೋಡಬೇಕಾದ್ದು ಎಲೆಯನ್ನಲ್ಲ, ಕತ್ತರಿಸಿದ ಜಾಗದ ಕೆಳಗಿನ ಕಾಂಡವನ್ನು ಮತ್ತು ಗಿಡದ ಬುಡದ ಮಣ್ಣನ್ನು. ಮಣ್ಣಿನಿಂದ ಎಲೆಯಿಲ್ಲದ, ದಾರದಂಥ ಹಳದಿ ಮೊಳಕೆ ಎದ್ದದ್ದು ಕಂಡರೆ ಅದು ಅಂಟುವ ಮೊದಲೇ ಕಿತ್ತುಬಿಡಬಹುದು. ಈ ಒಂದು ಹಂತದಲ್ಲಿ ಮಾತ್ರ ಕೀಳುವುದು ಪೂರ್ಣ ಪರಿಹಾರ, ಏಕೆಂದರೆ ಬಾಯಿ ಇನ್ನೂ ಯಾರೊಳಗೂ ಇಳಿದಿಲ್ಲ.

ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿಗಳ ಮಟ್ಟಿಗೆ ಇದು ಸುಲಭ. ಅವು ಬೇಗ ಚಿಗುರುವ ಗಿಡಗಳು. ಪುದೀನವನ್ನು ನೆಲಮಟ್ಟಕ್ಕೆ ಕೊಯ್ದರೂ ಮತ್ತೆ ಬರುತ್ತದೆ. ಬಹಳ ಮುತ್ತಿಕೊಂಡಿದ್ದರೆ ಗಿಡವನ್ನೇ ಕಿತ್ತು, ಎಳೆ ಮುಟ್ಟದ ತುದಿಯೊಂದನ್ನು ನೀರಿನಲ್ಲಿಟ್ಟು ಬೇರು ಬರಿಸಿ ಬೇರೆ ಕುಂಡದಲ್ಲಿ ನೆಡುವುದೇ ಜಾಣತನ. ಆಡುಸೋಗೆ, ಲಕ್ಕಿಯಂಥ ಗಟ್ಟಿ ಪೊದೆಗಳನ್ನು ಧೈರ್ಯವಾಗಿ ತಗ್ಗಿಸಿ ಕತ್ತರಿಸಬಹುದು.

ಕಳೆನಾಶಕ ಸಿಂಪಡಿಸಬಹುದೇ ಎಂದು ಯಾರಾದರೂ ಪೋಷಕರು ಕೇಳುತ್ತಾರೆ. ಹೊಲಗಳಲ್ಲಿ, ಉದಾಹರಣೆಗೆ ಕುದುರೆಮೆಂತ್ಯ ಮತ್ತು ಉದ್ದಿನ ಬೆಳೆಗಳಲ್ಲಿ, ಮೊಳಕೆ ಬರುವ ಮೊದಲು ಪೆಂಡಿಮೆಥಾಲಿನ್ ಬಳಸುವುದುಂಟು. ಅದು ಹೊಲದ ಲೆಕ್ಕ. ಬೆಳಿಗ್ಗೆ ಎರಡು ಎಲೆ ಕಿತ್ತು ತೀರ್ಥಕ್ಕೆ ಹಾಕುವ, ಕೆಮ್ಮಿದ ಮಗುವಿಗೆ ರಸ ಹಿಂಡಿ ಕೊಡುವ ಗಿಡದ ಬುಡಕ್ಕೆ ಅದು ಬೇಡ. ಮೇಲಾಗಿ, ಅಂಟಿಕೊಂಡ ಮೇಲೆ ಇಬ್ಬರೂ ಒಂದೇ ಕೊಳವೆಯಲ್ಲಿ ಊಟ ಮಾಡುತ್ತಿರುತ್ತಾರೆ. ಎಳೆಯನ್ನು ಕೊಲ್ಲುವುದು ಗಿಡವನ್ನು ಬಿಡುತ್ತದೆ ಎನ್ನಲಾಗದು. ಬೇವಿನ ಎಣ್ಣೆ ಕೀಟಗಳಿಗೆ ಇರುವುದು, ಇದು ಕೀಟವಲ್ಲ. ಉಪ್ಪುನೀರು ಮಣ್ಣನ್ನು ಕೆಡಿಸುತ್ತದೆ, ಅಷ್ಟೇ.

ತುಳಸಿಯ ಮಾತು ಬೇರೆ

ಪಾಠಯೋಜನೆಯಲ್ಲಿ ಬರೆಯಲಾಗದ ತೊಡಕೊಂದು ಇಲ್ಲಿದೆ. ಪುದೀನ ಕತ್ತರಿಸಲು ಯಾರ ಅನುಮತಿಯೂ ಬೇಡ. ಕಟ್ಟೆಯಲ್ಲಿರುವ ತುಳಸಿಗೆ ಕತ್ತರಿ ಹಾಕುವುದೆಂದರೆ ಅನೇಕ ಮನೆಗಳಲ್ಲಿ ಅದು ತೋಟಗಾರಿಕೆಯ ಪ್ರಶ್ನೆಯಲ್ಲ. ದ್ವಾದಶಿಯಂದು ಎಲೆಯನ್ನೂ ಕೀಳದವರು, ಸಂಜೆಯ ಮೇಲೆ ಗಿಡ ಮುಟ್ಟದವರು ಇದ್ದಾರೆ. "ನಮ್ಮ ಮಿಸ್ ತುಳಸಿ ಕಡೀಬೇಕು ಅಂದ್ರು" ಎಂದು ಏಳನೆಯ ತರಗತಿಯ ಮಗು ಮನೆಗೆ ಹೋಗಿ ಹೇಳಿದರೆ ಅಲ್ಲಿಗೆ ನಮ್ಮ ವಿಜ್ಞಾನದ ಮಾತು ಮುಗಿಯಿತು.

ಹಾಗಾಗಿ ಮಗುವಿಗೆ ಕೊಡುವ ಮಾತು ಬೇರೆ ಇರಬೇಕು ಎಂದು ನನ್ನ ಅಭಿಪ್ರಾಯ. ಅಜ್ಜಿಗೆ ತೋರಿಸಬೇಕಾದ್ದು ಕತ್ತರಿಯನ್ನಲ್ಲ, ಹೀರುಬೇರನ್ನು. ಎಳೆಯನ್ನು ಸ್ವಲ್ಪ ಸಡಿಲಿಸಿ, ಅದು ಕಾಂಡಕ್ಕೆ ಹೊಲಿದಂತೆ ಅಂಟಿರುವುದನ್ನು ಬೆರಳಿಟ್ಟು ತೋರಿಸಿದರೆ, ದಿನವೂ ಕೀಳುವ ಅಜ್ಜಿಗೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಜೊತೆಗೆ ಹೊಸ ಗಿಡದ ವ್ಯವಸ್ಥೆ ಮೊದಲಾಗಬೇಕು. ಎಳೆ ತಲುಪದ ಕದಿರಿನಿಂದ ಬೀಜ ಉದುರಿಸಿಕೊಂಡು ಬೇರೆ ಕುಂಡದಲ್ಲಿ, ಹೊಸ ಮಣ್ಣಿನಲ್ಲಿ, ಹಳೆಯ ಕಟ್ಟೆಯಿಂದ ದೂರದಲ್ಲಿ ಬಿತ್ತಬೇಕು. ಸಸಿ ಗೇಣುದ್ದ ಬಂದ ಮೇಲೆ ಹಳೆಯ ಗಿಡದ ಪ್ರಶ್ನೆ ತನ್ನಷ್ಟಕ್ಕೆ ಹಗುರಾಗುತ್ತದೆ. ಒಣಗಿದ ತುಳಸಿಯನ್ನು ತೆಗೆದು ಹೊಸದನ್ನು ನೆಡುವ ರೂಢಿ ಮನೆಗಳಲ್ಲಿ ಹೇಗೂ ಇದೆ. ಹಳೆಯ ಗಿಡದ ಆರೈಕೆಗೆ ಯಾವ ದಿನ ಒಳ್ಳೆಯದು ಎಂಬುದನ್ನು ಮನೆಯವರೇ ಆರಿಸಿಕೊಳ್ಳಲಿ. ಆದರೆ ತುಂಬ ತಡವಾಗಬಾರದು. ಯಾಕೆ ಎಂಬುದಕ್ಕೆ ಬೀಜದ ಲೆಕ್ಕ ನೋಡಬೇಕು.

ಬೀಜದ ಲೆಕ್ಕ

ರಿಫ್ಲೆಕ್ಸಾ ಸಾಮಾನ್ಯವಾಗಿ ಚಳಿಗಾಲದಲ್ಲಿ ಗಂಟೆಯಾಕಾರದ ಬಿಳಿಯ ಚಿಕ್ಕ ಹೂಗಳನ್ನು ಬಿಡುತ್ತದೆ. ಕ್ಯಾಂಪೆಸ್ಟ್ರಿಸ್‌ನ ಹೂಗಳು ಇನ್ನೂ ಚಿಕ್ಕವು, ಗೊಂಚಲು ಗೊಂಚಲಾಗಿ ಕಾಂಡಕ್ಕೆ ಅಂಟಿಕೊಂಡಿರುತ್ತವೆ. ಒಂದು ಸಸ್ಯ ಸಾವಿರಾರು ಬೀಜ ಕೊಡಬಲ್ಲದು. ಬೀಜದ ಸಿಪ್ಪೆ ಗಟ್ಟಿ; ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಈ ವರ್ಷ ಸ್ವಲ್ಪ, ಮುಂದಿನ ವರ್ಷ ಸ್ವಲ್ಪ ಎಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರಬಲ್ಲವು. ಏಳನೆಯ ತರಗತಿಯ ಮಗು ಪದವಿ ಮುಗಿಸುವವರೆಗೆ ಎಂದು ಹೇಳಿದರೆ ಮಕ್ಕಳಿಗೆ ಅಳತೆ ಸಿಗುತ್ತದೆ. ಹೂ ಬರುವ ಮೊದಲು ತೆಗೆದರೆ ಅದು ಒಂದು ಮಧ್ಯಾಹ್ನದ ಕೆಲಸ, ಬೀಜ ಉದುರಿದ ಮೇಲೆ ಹತ್ತು ವರ್ಷದ ಕಾವಲು.

ಕತ್ತರಿಸಿ ತಂದದ್ದನ್ನು ತಿಪ್ಪೆಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ಮನೆಯ ಕಾಂಪೋಸ್ಟಿನ ಬಿಸಿ ಆ ಸಿಪ್ಪೆಗೆ ಸಾಕಾಗುತ್ತದೆಂದು ನಂಬಲಾಗದು. ದನಕ್ಕೆ ಹಾಕಿದರೂ ಪ್ರಯೋಜನವಿಲ್ಲ. ದನದ ಹೊಟ್ಟೆಯನ್ನು ದಾಟಿ ಬಂದ ಬೀಜವೂ ಮೊಳೆಯುತ್ತದೆ, ಗೊಬ್ಬರದ ಜೊತೆ ಮತ್ತೆ ಪಾತಿಗೆ ಬರುತ್ತದೆ. ಮಣ್ಣು ಸೋಕದ ಹಾಗೆ ಸಿಮೆಂಟಿನ ಅಂಗಳದಲ್ಲೋ ತಾರಸಿಯಲ್ಲೋ ಬಿಸಿಲಿಗೆ ಹರಡಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಿ ಸುಡುವುದು ಸರಿಯಾದ ಕ್ರಮ. ಹೂ ಕಾಯಿ ಕಂಡರೆ ಹರಡಬಾರದು, ಮುಚ್ಚಿದ ಚೀಲದಲ್ಲೇ ಬಿಸಿಲಿಗಿಟ್ಟು ಚೀಲ ಬಿಚ್ಚಿ ನೇರ ಒಲೆಗೆ ಹಾಕಬೇಕು.

ಬೀಜ ಮೊದಲು ಬಂದದ್ದು ಎಲ್ಲಿಂದ? ಗೊಬ್ಬರದಿಂದ, ನರ್ಸರಿಯ ಸಸಿಯ ಮಣ್ಣಿನಿಂದ, ಅಥವಾ ಬಿತ್ತನೆ ಬೀಜದ ಜೊತೆ ಬೆರೆತು. ಕುದುರೆಮೆಂತ್ಯದ ಬೀಜ ಪ್ರಮಾಣೀಕರಣದಲ್ಲಿ ಕಸ್ಕ್ಯೂಟಾವನ್ನು ಆಕ್ಷೇಪಾರ್ಹ ಕಳೆ ಎಂದೇ ಪಟ್ಟಿ ಮಾಡಿದ್ದಾರೆ. ಎರಡರ ಬೀಜ ಗಾತ್ರದಲ್ಲಿ ಹತ್ತಿರ ಹತ್ತಿರ ಇರುವುದರಿಂದ ಜರಡಿಯಲ್ಲಿ ಬೇರೆಯಾಗುವುದು ಕಷ್ಟ. ಇದಕ್ಕೆ ಬೀಜ ಉದ್ಯಮ ಕಂಡುಕೊಂಡ ಉಪಾಯ ಆರನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದ್ದು. ಕಸ್ಕ್ಯೂಟಾ ಬೀಜದ ಮೈ ಒರಟು, ಕುದುರೆಮೆಂತ್ಯದ್ದು ನುಣುಪು. ಬೀಜಕ್ಕೆ ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದರೆ ಒರಟು ಬೀಜಕ್ಕೆ ಪುಡಿ ಅಂಟುತ್ತದೆ, ಆಮೇಲೆ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. 'ಪದಾರ್ಥಗಳನ್ನು ಬೇರ್ಪಡಿಸುವುದು' ಪಾಠ ಮಾಡುವ ಸಹಪಾಠಿಗಳು ಇದನ್ನು ಎರವಲು ಪಡೆಯಬಹುದು.

ಬೀಜ ಬಿದ್ದುಹೋಗಿರುವ ಪಾತಿಗೂ ಒಂದು ದಾರಿಯಿದೆ. ಮೊಳಕೆಗಳು ಏಳುವುದು ಬಹುಪಾಲು ಮೇಲ್ಪದರದ ಒಂದೆರಡು ಸೆಂಟಿಮೀಟರ್ ಮಣ್ಣಿನಿಂದ. ಅಲ್ಲಿ ದಪ್ಪ ಹೊದಿಕೆ ಹಾಕಬಹುದು, ಪಾತಿಯನ್ನು ಅಗೆದು ಬೀಜ ಮತ್ತೆ ಮತ್ತೆ ಮೇಲೆ ಬರುವಂತೆ ಮಾಡಬಾರದು. ಜೊತೆಗೆ ಕೆಲವು ವರ್ಷ ಅಲ್ಲಿ ಹುಲ್ಲಿನ ಕುಟುಂಬದ ಔಷಧೀಯ ಗಿಡಗಳನ್ನು ಬೆಳೆಯಬಹುದು: ಮಜ್ಜಿಗೆ ಹುಲ್ಲು, ಲಾವಂಚ. ಕಸ್ಕ್ಯೂಟಾ ಸಾಮಾನ್ಯವಾಗಿ ಹುಲ್ಲುಗಳ ಮೇಲೆ ನೆಲೆಯೂರಲಾರದು. ಎದ್ದ ಮೊಳಕೆಗೆ ಬುತ್ತಿ ತೀರುವುದರೊಳಗೆ ಆಸರೆ ಸಿಗದಿದ್ದರೆ ಅದು ತಾನಾಗಿ ಸಾಯುತ್ತದೆ.

ಔಷಧಿ ಎಂದು ಬಳಸುವವರಿಗೆ

ಅಮರಬಳ್ಳಿಯನ್ನೇ ಔಷಧಿಯೆಂದು, ಕೂದಲಿನ ಎಣ್ಣೆಗೆಂದು ಬಳಸುವ ರೂಢಿ ದೇಶದ ಹಲವೆಡೆ ಇದೆ. ಅದರ ಗುಣಾವಗುಣ ನನ್ನ ವಿಷಯವಲ್ಲ. ಆದರೆ ಮಕ್ಕಳಿಗೆ ಒಂದು ಮಾತನ್ನು ಕಡ್ಡಾಯವಾಗಿ ಹೇಳಬೇಕು: ಈ ಎಳೆ ಆತಿಥೇಯದಿಂದ ಹೀರುವುದು ಸಕ್ಕರೆ ನೀರನ್ನಷ್ಟೇ ಅಲ್ಲ. ಲೂಪಿನ್ ಗಿಡಗಳ ಮೇಲೆ ಬೆಳೆದ ಕಸ್ಕ್ಯೂಟಾದ ಒಳಗೆ ಲೂಪಿನ್‌ನದೇ ಆಲ್ಕಲಾಯ್ಡ್‌ಗಳು ಸಿಕ್ಕಿವೆ. ಅಂದಮೇಲೆ ದತ್ತೂರಿಯ ಮೇಲೋ ಕಣಗಿಲೆಯ ಮೇಲೋ ಹಬ್ಬಿದ ಎಳೆಯನ್ನು ಬಾಯಿಗೆ ಹಾಕುವುದು ಆ ಗಿಡವನ್ನೇ ಬಾಯಿಗೆ ಹಾಕಿದಷ್ಟು ಅಪಾಯ ಎಂದೇ ಭಾವಿಸಬೇಕು. ತುಳಸಿಯ ಮೇಲಿನದು ಎಂದು ಕಂಡರೂ ಅದರ ಇನ್ನೊಂದು ತುದಿ ಬೇಲಿಯ ಯಾವ ಗಿಡದಲ್ಲಿದೆ ಎಂದು ಯಾರು ನೋಡಿರುತ್ತಾರೆ? ಮುಟ್ಟಿ ನೋಡಿ, ಬಾಯಿಗೆ ಬೇಡ.

ಹೆಸರು ಕೆಟ್ಟವು, ಹೆಸರು ಉಳಿಸಿಕೊಂಡವು

ಪರಾವಲಂಬಿ ಎಂಬ ಪದ ಕಲಿತ ಮಕ್ಕಳು ಮರುದಿನ ಎಲ್ಲದರ ಮೇಲೂ ಆ ಚೀಟಿ ಅಂಟಿಸುತ್ತಾರೆ. ಮೊದಲು ಸಿಕ್ಕಿಬೀಳುವುದು ಅಮೃತಬಳ್ಳಿ. ಅದರ ಕಾಂಡದಿಂದ ಉದ್ದನೆಯ ದಾರದಂಥ ಬೇರುಗಳು ಗಾಳಿಯಲ್ಲಿ ಇಳಿಬಿದ್ದಿರುತ್ತವೆ, ನೋಡಲು ಕಸ್ಕ್ಯೂಟಾದ ಅಣ್ಣನಂತೆ. ಆದರೆ ಅದಕ್ಕೆ ಹೃದಯಾಕಾರದ ಹಸಿರೆಲೆಗಳಿವೆ, ಆ ದಾರಗಳು ನೆಲ ಹುಡುಕುತ್ತಿವೆಯೇ ಹೊರತು ಯಾರ ಕಾಂಡವನ್ನೂ ಕೊರೆಯುತ್ತಿಲ್ಲ. ಮರದ ಮೇಲಿನ ಸೀತಾಳೆ, ಮನಿಪ್ಲಾಂಟ್ ಕೂಡ ಜಾಗವನ್ನಷ್ಟೇ ಪಡೆದ ಬಾಡಿಗೆದಾರರು, ಅಡುಗೆಮನೆಗೆ ನುಗ್ಗಿದವರಲ್ಲ.

ಬದನಿಕೆ ಮಾತ್ರ ನಿಜವಾದ ಪರಾವಲಂಬಿ. ಮಾವು, ಸಪೋಟ, ದಾಳಿಂಬೆಗಳ ಕೊಂಬೆಯ ಮೇಲೆ ಬೇರೆಯೇ ಬಗೆಯ ದಪ್ಪ ಎಲೆಯ ಪೊದೆಯಾಗಿ ಕಾಣುತ್ತದೆ. ಎಲೆ ಹಸಿರಾಗಿರುವುದರಿಂದ ಸಕ್ಕರೆಯನ್ನು ತಾನೇ ತಯಾರಿಸುತ್ತದೆ, ನೀರು ಲವಣಕ್ಕೆ ಮರವನ್ನು ಅವಲಂಬಿಸುತ್ತದೆ, ಅಂದರೆ ಅರೆಪರಾವಲಂಬಿ. ಅದರ ಅಂಟುಬೀಜವನ್ನು ಫ್ಲವರ್‌ಪೆಕರ್ ಎಂಬ ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒರೆಸುತ್ತವೆ. ಪರಿಹಾರ ಅದೇ: ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆ ಕತ್ತರಿಸುವುದು.

ಇನ್ನೊಂದು ಪರಾವಲಂಬಿಯನ್ನು ನಾವೇ ದುಡ್ಡು ಕೊಟ್ಟು ತಂದು ನೆಡುತ್ತೇವೆ, ಶ್ರೀಗಂಧ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬೆಳೆದವರಿಗೇ ಮರದ ಹಕ್ಕು ಸಿಕ್ಕ ಮೇಲೆ ಹಿತ್ತಲಲ್ಲೂ ಗಂಧದ ಸಸಿ ಕಾಣತೊಡಗಿದೆ. ಗಂಧದ ಬೇರು ನೆರೆಯ ಗಿಡಗಳ ಬೇರಿಗೆ ಹೀರುಬೇರು ಚುಚ್ಚಿ ನೀರು ಲವಣ ಪಡೆಯುತ್ತದೆ. ಇದನ್ನು 1871ರಲ್ಲೇ ಜಾನ್ ಸ್ಕಾಟ್ ಗುರುತಿಸಿದ್ದರು. ಅದಕ್ಕಾಗಿಯೇ ನರ್ಸರಿಯವರು ಸಸಿಯ ಚೀಲದಲ್ಲಿ ತೊಗರಿಯನ್ನೋ ಹೊನಗೊನ್ನೆಯನ್ನೋ ಜೊತೆಗೆ ಬೆಳೆಸಿರುತ್ತಾರೆ. ಮನೆಗೆ ತಂದವರು 'ಕಳೆ' ಎಂದು ಅದನ್ನು ಕಿತ್ತೆಸೆಯುತ್ತಾರೆ, ಆಮೇಲೆ ಗಂಧ ಬಾಡಿತು ಎಂದು ಕೊರಗುತ್ತಾರೆ. ತರಗತಿಯಲ್ಲಿ ಇದನ್ನು ಹೇಳಿದರೆ 'ಪರಾವಲಂಬಿ ಎಂದರೆ ಕೆಟ್ಟ ಸಸ್ಯ' ಎಂಬ ವಾಕ್ಯ ಉತ್ತರಪತ್ರಿಕೆಗಳಿಂದ ಮಾಯವಾಗುತ್ತದೆ. ಹಿತ್ತಲಿನವರಿಗೆ ಸಲಹೆ ಇಷ್ಟೇ: ಗಂಧಕ್ಕೆ ಜೊತೆಗಾರ ಗಿಡ ಬೇಕು, ಆದರೆ ತುಳಸಿಕಟ್ಟೆಯ ಮಗ್ಗುಲಲ್ಲಿ ಗಂಧ ಬೇಡ.

ತರಗತಿಗೆ ತರುವಾಗ

ಈ ವಿಷಯವನ್ನು 40 ನಿಮಿಷದ ಒಂದೇ ಅವಧಿಗೆ ತುರುಕುವುದಕ್ಕಿಂತ, ಮೊದಲ ಅವಧಿಯಲ್ಲಿ ವೀಕ್ಷಣೆಯ ಕೆಲಸ ಕೊಟ್ಟು ಎರಡನೆಯದರಲ್ಲಿ ವಿವರಣೆಗೆ ಬರುವುದು ಒಳ್ಳೆಯದು. 5ಇ ಮಾದರಿಯಲ್ಲಿ ಬರೆಯುವವರು 'ಅನ್ವೇಷಣೆ' ಹಂತಕ್ಕೆ ಸ್ಲೈಡನ್ನು, 'ವಿಸ್ತರಣೆ'ಗೆ ಶ್ರೀಗಂಧವನ್ನು ಇಟ್ಟುಕೊಳ್ಳಬಹುದು.

ಬೋಧನೋಪಕರಣವಾಗಿ ಜೀವಂತ ಎಳೆಯನ್ನು ಶಾಲೆಗೆ ಒಯ್ಯುವಾಗ ಎರಡು ನಿಯಮ. ಹೂ ಅಥವಾ ಕಾಯಿ ಇರುವ ಎಳೆ ಬೇಡ. ಒಯ್ದದ್ದನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲೇ ತೋರಿಸಿ, ಅದೇ ಡಬ್ಬಿಯಲ್ಲಿ ವಾಪಸ್ ತರಬೇಕು. ಪಾಠ ಮುಗಿದ ಮೇಲೆ ಕಿಟಕಿಯಿಂದ ಹೊರಗೆ ಬಿದ್ದ ಒಂದು ತುಂಡು ಸಾಕು, ಶಾಲೆಯ ಔಷಧಿವನಕ್ಕೆ ನಾವೇ ಅದನ್ನು ಕೊಟ್ಟು ಬಂದಂತೆ. ಮಕ್ಕಳಿಗೂ 'ತನ್ನಿ' ಎನ್ನದೆ 'ಚಿತ್ರ ಬರೆದು ತನ್ನಿ' ಎನ್ನಬೇಕು.

ಮೌಲ್ಯಮಾಪನಕ್ಕೆ ನಾನು ಬಳಸಿದ ಮೂರು ಪ್ರಶ್ನೆಗಳು ಇವು. ಎಳೆಯನ್ನು ಎಳೆದು ತೆಗೆದರೂ ಅದು ಮತ್ತೆ ಬರುವುದೇಕೆ, ಚಿತ್ರದ ಸಹಾಯದಿಂದ ವಿವರಿಸಿ. ಮಣ್ಣಿನಿಂದ ಈಗಷ್ಟೇ ಎದ್ದ ಮೊಳಕೆಯನ್ನು ಮಾತ್ರ ಕೈಯಿಂದ ಕಿತ್ತರೆ ಸಾಕಾಗುವುದೇಕೆ? ನಿಮ್ಮ ಮನೆಯ ಸುತ್ತ ಒಂದು ಗಿಡದ ಮೇಲೆ ಇನ್ನೊಂದು ಗಿಡ ಇರುವ ಮೂರು ಜಾಗಗಳನ್ನು ಹುಡುಕಿ, ಪ್ರತಿಯೊಂದರಲ್ಲೂ ಮೇಲಿನ ಗಿಡ ಊಟಕ್ಕೆ ಬಂದಿದೆಯೋ ಬರೀ ಕೂರಲು ಬಂದಿದೆಯೋ ಎಂಬುದನ್ನು ಯಾವ ಗುರುತಿನಿಂದ ತಿಳಿದಿರಿ ಎಂದು ಬರೆಯಿರಿ.